ನೆಲದಿಂದ ಒಂದು ಗೇಣು

ಹರಿಹರ,
ಸೋಮವಾರ, ೧೭ ನವೆಂಬರ್ ೨೦೨೫

ಮಗಳೇ ನಯನಾ,

ಆಶೀರ್ವಾದ. ಇಷ್ಟು ಬರೆಯುವಷ್ಟರಲ್ಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ, ಗಂಡ ಹೆಂಡತಿ ಇಬ್ಬರೂ ಸೇರಿ. ನಾನು ಈ ಜನ್ಮದಲ್ಲಿ ಬರೆದದ್ದು ಆರ್ಡರ್ ಪುಸ್ತಕ ಒಂದೇ. ಅಂಗಡಿಯ ಹೆಸರು, ಚಹಾಪುಡಿ ಎಷ್ಟು, ಊದಿನಕಡ್ಡಿ ಎಷ್ಟು, ಮುಗಿಯಿತು. ಬಾಯಲ್ಲಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳಿ ಎದ್ದುಹೋಗುತ್ತಿದ್ದೆ. ಆದರೆ ನೀನು ಫೋನ್ ಎತ್ತುವುದಿಲ್ಲ. ಹದಿನೈದು ದಿನವಾಯಿತು. ವಕೀಲರು ಬೇಡ ಎಂದಿದ್ದಾರಂತೆ. ನಿನಗೆ ಸೈಕಲ್ ಕಲಿಸಿದವನ ಜೊತೆ ಮಾತಾಡಲು ಈಗ ವಕೀಲರ ಒಪ್ಪಿಗೆ ಬೇಕು.

ಶನಿವಾರ ನಿನ್ನ ಗಂಡ ಬಕ್ಕೇಶ್ ಬಂದಿದ್ದ. ನಿನ್ನ ದೊಡ್ಡಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ. ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟ. ಇದನ್ನು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ ಕೊಡಿ, ಕೈಬರಹ ಇದ್ದರೆ ಪೊಲೀಸ್ ಸ್ಟೇಷನ್ನಿನಲ್ಲಿ ನಂಬುತ್ತಾರೆ ಎಂದ. ಹಾಳೆಯಲ್ಲಿ ಇರುವುದು ಮೂರು ಮಾತು. ಹರಿಹರದ ಪಂಚಾಕ್ಷರಪ್ಪನವರ ಅಡುಗೆಮನೆಯಲ್ಲಿ, ಗ್ಯಾಸ್ ಸೋರಿದರೆ ಕೂಗುವ ನಿಮ್ಮ ಪೆಟ್ಟಿಗೆಯನ್ನು ಹಾಕಿದವಳು ಸ್ವತಂತ್ರ ಮಾರಾಟ ಪ್ರತಿನಿಧಿ ಉಚ್ಚೆಂಗೆಮ್ಮ. ಕಂಪನಿ ಕಲಿಸಿದ್ದನ್ನು ಬಿಟ್ಟು ಅವಳು ತನ್ನ ಮನಸ್ಸಿಗೆ ಬಂದ ಹಾಗೆ ಅದನ್ನು ಎತ್ತರದಲ್ಲಿ ಹಾಕಿದಳು. ಬೆಂಕಿ ಹತ್ತುವ ತನಕ ಇದು ಮುರುಗೇಶಪ್ಪನಾದ ನನಗೆ ಗೊತ್ತಿರಲಿಲ್ಲ.

ನಾಲ್ಕು ಸಲ ಓದಿದೆ. ಮೂರರಲ್ಲಿ ಒಂದಾದರೂ ನಿಜವಾಗಿದ್ದರೆ ಕಣ್ಣು ಮುಚ್ಚಿ ಬರೆದುಕೊಡುತ್ತಿದ್ದೆ. ನನ್ನ ತಮ್ಮನ ಮಗಳು ನೀನು, ಅವನು ಹೋದ ಮೇಲೆ ನನಗೂ ಮಗಳೇ.

ಮುಂದಿನ ವಾರ ಮಂಗಳವಾರ, ಇಪ್ಪತ್ತೈದಕ್ಕೆ, ಉಚ್ಚೆಂಗೆಮ್ಮನನ್ನು ಸ್ಟೇಷನ್ನಿಗೆ ಕರೆದಿದ್ದಾರೆ. ಅದಕ್ಕೇ ಬಕ್ಕೇಶನಿಗೆ ಇಷ್ಟು ಅವಸರ. ಅವಳಿಗಿಂತ ಮೊದಲು ಈ ಹಾಳೆ ಹೋದರೆ ತಪ್ಪು ಅವಳ ತಲೆಗೆ ಕಟ್ಟಿದಂತೆ, ನೀವು ಪಾರು. ಬರೆಯಿರಿ ಎಂದಿರಿ, ಬರೆಯುತ್ತಿದ್ದೇನೆ. ಆದರೆ ಅವನ ಮೂರು ಮಾತಲ್ಲ, ನನ್ನವು. ನಿನಗೆ ಗೊತ್ತಿದ್ದದ್ದೂ ನಡುವೆ ಬರುತ್ತದೆ, ಬೇಸರ ಮಾಡದೆ ಓದು. ಏನೂ ಗೊತ್ತಿಲ್ಲದ ಪೊಲೀಸಿನವನು ಓದಿದರೂ ತಿಳಿಯಬೇಕು.

ಹೋದ ಜನವರಿಯಲ್ಲಿ ನೀನು ದಾವಣಗೆರೆಯಿಂದ ಸ್ಕೂಟಿಯಲ್ಲಿ ಬಂದೆ. ಕೈಯಲ್ಲಿ ಸಾಬೂನಿನ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ. ಮಂಡಕ್ಕಿ ಭಟ್ಟಿ ಹತ್ತಿರದ ಶೆಡ್ಡಿನಲ್ಲಿ ನೀನು, ಬಕ್ಕೇಶ್, ಇನ್ನು ಮೂರು ಹುಡುಗಿಯರು ಕೂತು ಮಾಡಿದ್ದು. ಅಡುಗೆ ಗ್ಯಾಸ್ ಸೋರಿದರೆ ಕೂಗಿಕೊಳ್ಳುತ್ತದೆ ಎಂದೆ. ‘ಎಚ್ಚರ’ ಎಂದು ಹೆಸರು. ಬೀಡಿ ಹಚ್ಚುವ ನನ್ನ ಲೈಟರನ್ನು ಕಿಡಿ ಹತ್ತಿಸದೆ ಅದರ ಮುಂದೆ ಒತ್ತಿ ಹಿಡಿದೆ, ಅದು ಕಿರುಚಿದ್ದಕ್ಕೆ ನಿನ್ನ ದೊಡ್ಡಮ್ಮ ಕೈಯಲ್ಲಿದ್ದ ತಟ್ಟೆ ಬಿಟ್ಟಳು. ಆ ದಿನ ಎಷ್ಟು ನಕ್ಕಿದ್ದೆವು.

ಪೆಟ್ಟಿಗೆ ಮಾಡುವುದು ಬಂತು, ಮಾರುವುದು ಬರಲಿಲ್ಲ ಎಂದೆ ನೀನು. ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ. ಸಂಬಳ ಕೊಟ್ಟು ಜನ ಇಡುವ ಶಕ್ತಿ ಇಲ್ಲ. ಫೋನಿನಲ್ಲಿ ಜಾಹೀರಾತು ನೋಡಿ ಬಂದ ಹುಡುಗರು ಪೆಟ್ರೋಲ್ ಖರ್ಚು ಎಷ್ಟು ಕೊಡುತ್ತೀರಿ ಎಂದು ಕೇಳಿ ಹೊರಟುಹೋದರು. ಮನೆಮನೆಗೆ ಹೋಗಿ ಮಾರುವವರು ಬೇಕು, ಮಾರಿದ್ದಕ್ಕೆ ಕಮಿಷನ್, ನೌಕರಿ ಅಂತೇನಿಲ್ಲ, ಅವರವರ ಹೊತ್ತು ಅವರವರ ಇಷ್ಟ. ಅಂಥವರನ್ನು ಹುಡುಕಿಕೊಡಿ ದೊಡ್ಡಪ್ಪ, ಈ ತಾಲ್ಲೂಕಿನಲ್ಲಿ ನಿಮಗೆ ಗೊತ್ತಿಲ್ಲದ ಮನೆ ಯಾವುದಿದೆ ಎಂದೆ.

ಅದು ನನ್ನ ತಲೆಗೆ ಏರಿತು, ಸುಳ್ಳು ಯಾಕೆ ಹೇಳಲಿ. ನಲವತ್ತು ವರ್ಷ ಅಂಗಡಿ ಅಂಗಡಿಗೆ ಸರಕು ಹಾಕುತ್ತ ಲೈನ್ ತಿರುಗಿದವನು ನಾನು. ಮೊದಲು ಸೈಕಲ್ಲು, ಆಮೇಲೆ ಲೂನಾ. ಭಾನುವಳ್ಳಿ, ಕೊಕ್ಕನೂರು, ಕಡರನಾಯಕನಹಳ್ಳಿ, ಯಾವ ಅಂಗಡಿಯ ಯಾವ ಹಲಗೆಯ ಮೇಲೆ ಏನಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆ ನಲವತ್ತು ವರ್ಷದಲ್ಲಿ ಒಬ್ಬ ಮಾಲೀಕನೂ ನಿನ್ನ ಅಭಿಪ್ರಾಯ ಏನು ಮುರುಗೇಶಪ್ಪ ಎಂದು ಕೇಳಿದವನಲ್ಲ. ನೀನು ಕೇಳಿದೆ. ಮರುವಾರ ಕಾರ್ಡು ಬೇರೆ ಮಾಡಿಸಿ ತಂದೆ. ‘ಮುರುಗೇಶಪ್ಪ, ಪ್ರತಿನಿಧಿಗಳ ಮುಖ್ಯಸ್ಥರು.’ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ತನಕ ಸುಮ್ಮನೆ ಹೋಗಿಬಂದವನು ನಾನು. ಆ ಕಾರ್ಡುಗಳನ್ನು ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ಲೆಕ್ಕ ಮಾಡಿಕೊಳ್ಳಬೇಡ, ಹನ್ನೆರಡು ಹಂಚಿದ್ದೇನೆ.

ಮಾರುವವರನ್ನು ಬಾಯಿ ನೋಡಿ ಆರಿಸಬಾರದು, ಎರಡನೇ ಸಲ ಹೋದಾಗ ಬಾಗಿಲು ತೆಗೆಯುತ್ತಾರಾ ಎಂದು ನೋಡಬೇಕು ಎಂದು ನಿನಗೆ ಅವತ್ತೇ ಹೇಳಿದ್ದೆ. ಹೇಳಿದವನೇ ಮೊದಲು ಮಹಾಂತೇಶನನ್ನು ಹಿಡಿದುಕೊಂಡು ಬಂದೆ. ಇನ್ಶೂರೆನ್ಸ್ ಮಾಡಿಸುವವನು, ಮಾತಾಡಲು ಕೂತರೆ ಬಸ್ಸು ತಪ್ಪಿಸುವವನು. ಎರಡು ತಿಂಗಳು ಚೆನ್ನಾಗಿ ಮಾರಿದ. ಎಲ್ಲ ಅವನ ನೆಂಟರಿಗೇ. ನೆಂಟರು ಮುಗಿದರು, ಅವನೂ ಮುಗಿದ.

ಎರಡನೆಯವನು ಹಿದಾಯತ್, ಸಂತೆ ಮೈದಾನದ ಹತ್ತಿರ ಗ್ಯಾಸ್ ಒಲೆ ರಿಪೇರಿ ಮಾಡುವವನು. ಅವನಿಗಿಂತ ಸರಿಯಾದ ಆಳು ಸಿಗಲಾರನೆಂದು ನೀನೇ ಕುಣಿದಾಡಿದೆ. ಇಪ್ಪತ್ತು ಪೆಟ್ಟಿಗೆ ತೆಗೆದುಕೊಂಡು ಹೋದ. ಒಂದೇ ವಾರಕ್ಕೆ ಹದಿನಾರು ವಾಪಸ್ ತಂದಿಟ್ಟ. ನಿನಗೆ ನಾನು ಹೇಳಿದ್ದು, ಅವನಿಗೆ ಅಂಗಡಿ ಬಿಟ್ಟು ತಿರುಗಲು ಹೊತ್ತಿಲ್ಲವಂತೆ ಎಂದು. ಅದು ಸುಳ್ಳು. ಅವನು ನನಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಮುರುಗೇಶಪ್ಪಾರೆ, ಎಷ್ಟೋ ಮನ್ಯಾಗ ಒಲೆ ಕೆಟ್ರೆ ಒಲೇನೇ ಹೊರಗ ತಂದು ಕೊಡ್ತಾರೆ. ನನ್ನ ಒಳಗ ಕರಿಯಂಗಿಲ್ಲ. ಈ ಪೆಟ್ಟಿಗೆ ಹಾಕಾದು ಒಳಗ ಐತೆ. ಒಳಗ ಹೋಗದವನು ಇದನ್ನ ಮಾರಬಾರ್ದು.”

ನಾನು ಅವನಿಗೆ ಬೈದೆ. ಮಾರಲು ಬಾರದವನು ನೂರು ನೆಪ ಹೇಳುತ್ತಾನೆ ಎಂದೆ. ಅವನು ನಕ್ಕು ಪೆಟ್ಟಿಗೆಗಳನ್ನು ಎಣಿಸಿಕೊಟ್ಟು ಹೋದ. ಓದಿದವಳು ನೀನು, ವ್ಯಾಪಾರ ಬಲ್ಲವನು ನಾನು, ಇಬ್ಬರಿಗೂ ಹೊಳೆಯದ್ದು ಒಲೆಯ ಮುಂದೆ ಕೂತವನಿಗೆ ಹೊಳೆದಿತ್ತು. ನಿನಗಾದರೂ ಹೊಳೆಯುತ್ತಿತ್ತೋ ಏನೋ, ನಾನು ಆ ಮಾತು ನಿನ್ನ ತನಕ ಬರಗೊಡಲಿಲ್ಲ.

ಆಮೇಲೆ ಉಚ್ಚೆಂಗೆಮ್ಮ. ಅವಳು ನಮ್ಮ ಹಿತ್ತಲ ಬಾಗಿಲಿಗೆ ಆರು ವರ್ಷದಿಂದ ಫಿನಾಯಿಲ್ ತರುವವಳು. ಭಾನುವಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಎರಡು ಕ್ಯಾನು ಹೊತ್ತುಕೊಂಡು ಬಂದು, ಮಧ್ಯಾಹ್ನದೊಳಗೆ ಖಾಲಿ ಮಾಡಿ ಹೋಗುವವಳು. ಗಂಡ ಇಲ್ಲ. ಮಗಳು ಮೀನಾಕ್ಷಿ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಾಳೆ. ಹರಿಹರದ ನೂರಾರು ಮನೆಗಳನ್ನು ಅವಳು ಹಿಂದಿನಿಂದ ಬಲ್ಲಳು, ನಾನು ಮುಂದಿನಿಂದ ಬಲ್ಲೆ. ಯಾರ ಮನೆಯಲ್ಲಿ ಯಾವ ದಿನ ಎಷ್ಟು ಕೊಟ್ಟಳು, ಯಾರು ನಾಳೆ ಬಾ ಎಂದರು, ಎಲ್ಲ ತಲೆಯಲ್ಲೇ. ಒಂದು ಚೀಟಿ ಇಟ್ಟುಕೊಂಡವಳಲ್ಲ. ಅವಳು ಎರಡನೇ ಸಲವಲ್ಲ, ಇನ್ನೂರನೇ ಸಲ ಹೋದರೂ ಬಾಗಿಲು ತೆಗೆಯುತ್ತಿದ್ದರು. ಹಿತ್ತಲ ಬಾಗಿಲು.

ಅವಳು ಯಾವ ಕೇರಿಯವಳು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನಗೆ ಅದು ಬೇಕಿಲ್ಲ ಎಂದು ಗೊತ್ತಿತ್ತು. ಕೊಳ್ಳುವವರಿಗೆ ಬೇಕು ಎಂದೂ ಗೊತ್ತಿತ್ತು.

ಮಾರ್ಚಿನಲ್ಲಿ ಅವಳನ್ನು ನಿನ್ನ ಶೆಡ್ಡಿಗೆ ಕರೆತಂದೆ. ನೆನಪಿದೆಯಾ, ನೀನು ನೆಲದ ಮೇಲೆ ಮಂಡಿಯೂರಿ ಕೂತು ತೋರಿಸಿದೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ, ಆದ್ದರಿಂದ ಪೆಟ್ಟಿಗೆ ನೆಲದ ಹತ್ತಿರ ಇರಬೇಕು, ಮೇಲೆ ಹಾಕಿದರೆ ಇದ್ದೂ ಇಲ್ಲದ ಹಾಗೆ ಎಂದೆ. ಎಷ್ಟು ಮೇಲೆ ಎಂದು ಅವಳು ಕೇಳಿದಾಗ ಕೈ ಅಗಲಿಸಿ ಗೋಡೆಗೆ ಇಟ್ಟೆ. ಅವಳೂ ನಿನ್ನ ಕೈಯ ಪಕ್ಕ ತನ್ನ ಕೈ ಇಟ್ಟು, ನನ್ನ ಗೇಣು ನಿಮ್ಮದಕ್ಕಿಂತ ದೊಡ್ಡದು ಅಕ್ಕ, ಎರಡು ಬೆರಳು ಕಮ್ಮಿ ಇಡ್ತೀನಿ ಎಂದಳು. ಪೆಟ್ಟಿಗೆಯನ್ನು ಕೊಂಡವರು ಹಾಕಬಾರದು, ಮಾರಿದವರೇ ಒಳಗೆ ಹೋಗಿ ಹಾಕಿ, ಲೈಟರ್ ಒತ್ತಿ ಪರೀಕ್ಷೆ ಮಾಡಿ ಬರಬೇಕು ಎಂದು ನೀನು ನಿಯಮ ಹೇಳಿದೆ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಆಚೆ ನೋಡಿದೆ.

ಮೊದಲ ವಾರವೇ ತೊಡಕು ಬಂತು. ಒಂದು ಮನೆಯ ಸೊಸೆ ಖುಷಿಯಿಂದ ಕೊಂಡಳಂತೆ, ಬಾ ಹಾಕಿಕೊಡು ಎಂದಳಂತೆ. ಉಚ್ಚೆಂಗೆಮ್ಮ ಪಡಸಾಲೆ ದಾಟುವಾಗ ಒಳಗಿನಿಂದ ಮುದುಕಿಯೊಬ್ಬಳು ಯಾವಳವಳು ಎಂದು ಕೂಗಿದ್ದು ಬೀದಿಗೆ ಕೇಳಿತಂತೆ. ಇವಳು ನಮ್ಮ ಮನೆಗೆ ಬಂದು ಪೆಟ್ಟಿಗೆ ಕಟ್ಟೆಯ ಮೇಲಿಟ್ಟಳು. ಅಳಲಿಲ್ಲ. ಇದು ನನ್ನಿಂದ ಆಗಂಗಿಲ್ಲ ಎಂದಳು, ಅಷ್ಟೇ.

ಅವತ್ತು ನಿನಗೆ ಫೋನ್ ಮಾಡಿ, ನಯನಾ, ಇವಳ ಜೊತೆ ಒಳಗೆ ಹೋಗುವ ಇನ್ನೊಬ್ಬಳನ್ನು ಹುಡುಕೋಣ ಎನ್ನಬಹುದಿತ್ತು. ಇಲ್ಲವೇ ಮುದುಕಿಯ ಮನೆಗೆ ಹೋಗಿ ಜಗಳ ಮಾಡಬಹುದಿತ್ತು, ಜಗಳ ನನಗೆ ಹೊಸದಲ್ಲ. ನಾನು ಏನು ಹೇಳಿದೆ ಗೊತ್ತಾ? “ನೀನು ಒಳಗ ಹೋಗಬ್ಯಾಡ. ಬಾಗಿಲಾಗ ಕೊಡು, ಹೆಂಗ ಹಾಕಬೇಕು ಹೇಳು, ಬಾ. ಹಾಕ್ಕೊಳಾದು ಅವರ ಕೆಲಸ.” ಬೇಸಿಗೆಯೊಳಗೆ ನೂರು ಪೆಟ್ಟಿಗೆ ಮಾರಿಸಿ ತೋರಿಸುತ್ತೇನೆ ಎಂದು ಬಕ್ಕೇಶನ ಮುಂದೆ ಹೇಳಿಬಿಟ್ಟಿದ್ದೆ. ಆ ಒಂದು ಮಾತಿನ ಹಿಂದೆ ಇದೆಲ್ಲ.

ಆಮೇಲೆ ಅವಳು ಮಾರಿದ ರೀತಿ ನೀನು ನೋಡಬೇಕಿತ್ತು. ಕಂಪನಿಯ ಒಂದು ಮಾತೂ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಹೆಂಗಸರು ಅದನ್ನು ಕೂಗೋ ಡಬ್ಬಿ ಎಂದು ಕರೆಯಲು ಶುರು ಮಾಡಿದ್ದು ಅವಳಿಂದಲೇ. ಅವ್ವ, ನಿಮ್ಮ ಮೂಗಿಗೆ ನೆಗಡಿ ಆಗ್ತತಿ, ಈ ಡಬ್ಬಿಗೆ ನೆಗಡಿ ಆಗಂಗಿಲ್ಲ ಎನ್ನುತ್ತಿದ್ದಳು. ಪಂಚಾಕ್ಷರಪ್ಪನ ಹೆಂಡತಿ ಸರ್ವಮಂಗಳಮ್ಮ ಕೊಂಡದ್ದು ಈ ಮಾತಿಗೇ. ಅವರಿಗೆ ವರ್ಷವಿಡೀ ನೆಗಡಿ, ಹಾಲು ಸೀದರೂ ವಾಸನೆ ತಿಳಿಯುವುದಿಲ್ಲ. ಆ ಮನೆಗೆ ಅವಳನ್ನು ಕಳಿಸಿದವನೂ ನಾನೇ. ಪಂಚಾಕ್ಷರಪ್ಪನ ಕಿರಾಣಿ ಅಂಗಡಿಗೆ ಮೂವತ್ತು ವರ್ಷ ಚಹಾಪುಡಿ ಹಾಕಿದವನು.

ಅಕ್ಟೋಬರಿನ ತನಕ ನೂರ ಮೂವತ್ತೆಂಟು ಪೆಟ್ಟಿಗೆ ಮಾರಿದಳು. ಒಂದೊಂದಕ್ಕೂ ನಿಮ್ಮದೊಂದು ಫಾರಂ. ಮನೆಯವರ ಹೆಸರು, ಬೀದಿ, ಫೋನ್ ನಂಬರು, ಆಮೇಲೆ ‘ಈ ಉಪಕರಣವನ್ನು ಅಡುಗೆಮನೆಯೊಳಗೆ ನೆಲದಿಂದ ಒಂದು ಅಡಿಯ ಒಳಗೆ ನಾನೇ ಖುದ್ದಾಗಿ ಅಳವಡಿಸಿ ಪರೀಕ್ಷಿಸಿದ್ದೇನೆ’ ಎಂಬ ಸಾಲು, ಅದರ ಕೆಳಗೆ ಪ್ರತಿನಿಧಿಯ ಸಹಿ. ಫಾರಂ ಬರದಿದ್ದರೆ ಕಮಿಷನ್ ಇಲ್ಲ, ಅದು ನೀವು ಮಾಡಿದ ನಿಯಮ. ಮನೆಯವರ ಸಹಿ ಬಾಗಿಲಲ್ಲೇ ಆಗಿರುತ್ತಿತ್ತು. ಉಳಿದದ್ದನ್ನು ಪ್ರತಿ ಶನಿವಾರ ನಮ್ಮ ಕಟ್ಟೆಯ ಮೇಲೆ ನಾನು ತುಂಬುತ್ತಿದ್ದೆ. ಸಹಿ ಹಾಕು ಎಂದೆ. ಅವಳಿಗೂ ಕಮಿಷನ್ ಬೇಕಿತ್ತು, ಹಾಕಿದಳು. ಈಗ ಬಕ್ಕೇಶ್ ಆ ನೂರ ಮೂವತ್ತೆಂಟು ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ವಕೀಲರ ಹತ್ತಿರ ಇಟ್ಟಿದ್ದಾನಂತೆ.

ಜುಲೈ ಹೊತ್ತಿಗೆ ಅವಳು ನನ್ನನ್ನು ಎಚ್ಚರಿಸಿದಳು. ಇದನ್ನು ಸ್ಟೇಷನ್ನಿನವರು ಎರಡು ಸಲ ಓದಲಿ.

“ಯಾರೂ ಕೆಳಗ ಹಾಕ್ಯಂಡಿಲ್ರಿ ಯಜಮಾನ್ರೆ. ದಿನಾ ನೆಲ ತೊಳೀತಾರೆ, ನೀರು ಹೊಕ್ಕತ್ತೆ ಅಂತ ದೇವರ ಗೂಡಿನ ಬಾಜೂಕ ಹಾಕ್ಯಾರೆ. ಹಿತ್ತಲ ಕಿಟಕ್ಯಾಗ ನಾನೇ ನೋಡೀನಿ. ನಾ ಹೇಳಿದ್ರೆ ಹೂಂ ಅಂತಾರೆ, ಮಾಡಂಗಿಲ್ಲ. ನೀವು ಒಂದ್ ಸಲ ಬರ್ರಿ. ನಿಮ್ಮನ್ನ ಒಳಗ ಬಿಡ್ತಾರೆ.”

ಬರ್ತೀನಿ ಎಂದೆ. ಹೋಗಲಿಲ್ಲ. ಆಗಸ್ಟಿನಲ್ಲಿ ಇನ್ನೊಮ್ಮೆ ಕೇಳಿದಳು, ಮೊಣಕಾಲು ನೋವು ಎಂದೆ. ಮೊಣಕಾಲು ನೋವು ನಿಜ, ಆದರೆ ಅದೇ ಮೊಣಕಾಲಲ್ಲಿ ನಿಮ್ಮ ಶೆಡ್ಡಿನ ಪೂಜೆಗೆ ಬಂದು ಮಧ್ಯಾಹ್ನದವರೆಗೆ ನಿಂತಿದ್ದೆ. ಮುಖ್ಯಸ್ಥರು ಎಂದು ಕಾರ್ಡಿನಲ್ಲಿ ಬರೆಸಿಕೊಂಡವನು ಫಿನಾಯಿಲ್ ಮಾರುವವಳ ಹಿಂದೆ ಮನೆಮನೆ ತಿರುಗುವುದು ಹೇಗೆ ಅನ್ನಿಸಿತ್ತು. ಮೂರನೇ ಸಲ ಕೇಳಿದಾಗ ರೇಗಿದೆ. ಮಾರಿದ್ದಾಯಿತಲ್ಲ, ನಿನಗೇನು ಕಷ್ಟ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಅಕ್ಟೋಬರ್ ಇಪ್ಪತ್ತೊಂಬತ್ತು, ಬುಧವಾರ, ಬೆಳಿಗ್ಗೆ ಆರು. ಸರ್ವಮಂಗಳಮ್ಮ ಹಾಲು ಕಾಯಿಸಲು ಹೋದರು. ಒಲೆಯ ಪೈಪು ಎಲ್ಲೋ ಬಿರಿದಿತ್ತು. ಗ್ಯಾಸು ನೀನು ಹೇಳಿದ ಹಾಗೇ ನೆಲದ ಮೇಲೆ ಹರಡಿಕೊಂಡಿತ್ತು. ಅವರಿಗೆ ವಾಸನೆ ತಿಳಿಯಲಿಲ್ಲ. ಪೆಟ್ಟಿಗೆ ದೇವರ ಗೂಡಿನ ಪಕ್ಕ, ನನ್ನ ತಲೆಯಷ್ಟು ಎತ್ತರದಲ್ಲಿ, ಹಸಿರು ದೀಪ ಇಟ್ಟುಕೊಂಡು ಸುಮ್ಮನಿತ್ತು. ಅದು ಕೆಟ್ಟಿರಲಿಲ್ಲ. ನಿನ್ನ ಪೆಟ್ಟಿಗೆಯಲ್ಲಿ ಒಂದು ದೋಷವೂ ಇಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಲೆ ಹಚ್ಚಿದ್ದೇ ಬೆಂಕಿ ಎದ್ದು ಎರಡೂ ಕೈ, ಕುತ್ತಿಗೆ, ಎಡಗೆನ್ನೆ ಸುಟ್ಟವು. ದಾವಣಗೆರೆಯ ಆಸ್ಪತ್ರೆಗೆ ಹೋಗಿ ನೋಡಿ ಬಂದೆ. ನೀನು ಹೋಗಿಲ್ಲ, ಶೆಡ್ಡಿನಿಂದ ಎರಡು ಮೈಲಿ ಇಲ್ಲ. ಅದನ್ನೂ ವಕೀಲರು ಬೇಡ ಎಂದರಾ? ಕೈಗಳು ಬಟ್ಟೆ ಸುತ್ತಿದ ಎರಡು ಗಂಟಿನ ಹಾಗಿದ್ದವು. ನನ್ನನ್ನು ಗುರುತು ಹಿಡಿದು, ಕೂಡ್ರಿ ಎಂದರು. ಆಮೇಲೆ ಮೆಲ್ಲಗೆ ಹೇಳಿದರು. “ಆಕಿ ಮೂರು ಸಲ ಹೇಳಿದ್ಲು, ಕೆಳಗ ಹಾಕ್ರಿ ಅವ್ವ ಅಂತ. ನೆಲ ತೊಳೀಬೇಕಲ್ಲ ಅಂತ ನಾನೇ ಮ್ಯಾಲೆ ಹಾಕ್ಸಿದೆ.” ಪಂಚಾಕ್ಷರಪ್ಪ ಪಕ್ಕದಲ್ಲೇ ಇದ್ದ. ಮಾತಾಡಬೇಡ ಅಂದಾರೆ ಡಾಕ್ಟ್ರು ಎಂದು ಅವರನ್ನು ಸುಮ್ಮನಾಗಿಸಿದ. ನನ್ನನ್ನು ವರಾಂಡಕ್ಕೆ ಕರೆದುಕೊಂಡು ಬಂದು, ಜ್ವರದಾಗ ಏನೇನೋ ಅಂತಾಳೆ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಎಂದ. ಯಾರಾದರೂ ಒಬ್ಬರು ಇದಕ್ಕೆ ಹೊಣೆ ಆಗ್ಲೇಬೇಕಲ್ಲ ಎಂದ.

ಅವನು ದೂರು ಬರೆದುಕೊಟ್ಟಿರುವುದು ನಿನಗೆ ಗೊತ್ತು. ಮಾರಲು ಬಂದವಳೇ ನಮ್ಮ ಅಡುಗೆಮನೆಯೊಳಗೆ ಬಂದು ತನಗೆ ತಿಳಿದ ಕಡೆ ಹಾಕಿಹೋದಳು ಎಂದು. ಮೂವತ್ತು ವರ್ಷ ಆ ಮನೆಗೆ ಹೋದವನು ನಾನು. ಆ ಅಡುಗೆಮನೆಗೆ ಅವಳಿರಲಿ, ಅವಳು ತಂದ ಫಿನಾಯಿಲ್ ಬಾಟಲಿಯನ್ನೂ ಒಳಗೆ ಬಿಟ್ಟವರಲ್ಲ. ಈಗ ಅವಳು ಒಳಗೆ ಬಂದಿದ್ದಳು ಅಂತ ಅವರೂ ಹೇಳುತ್ತಾರೆ, ನೀವೂ ಹೇಳುತ್ತೀರಿ. ಹೊಸ್ತಿಲು ದಾಟಬಾರದವಳನ್ನು ಎಲ್ಲರೂ ಸೇರಿ ಕಾಗದದ ಮೇಲೆ ಒಳಗೆ ಕರೆದುಕೊಂಡಿರಿ. ಅದನ್ನು ಇಲ್ಲ ಎನ್ನಬೇಕಾದ ಸರ್ವಮಂಗಳಮ್ಮನಿಗೆ ಸಹಿ ಮಾಡಲು ಕೈ ಇಲ್ಲ.

ಬಕ್ಕೇಶನಿಗೂ ಇದನ್ನೇ ಹೇಳಿದೆ. ಅವನು ಕಂಪನಿಯ ಮಾತಾಡಿದ. ಅವಳು ನಮ್ಮಲ್ಲಿ ನೌಕರಿಗಿಲ್ಲ, ಸ್ವತಂತ್ರ ಪ್ರತಿನಿಧಿ, ಅವಳ ಕೆಲಸಕ್ಕೆ ಅವಳೇ ಜವಾಬ್ದಾರಿ, ಒಪ್ಪಂದದಲ್ಲೇ ಹಾಗಿದೆ ಎಂದ. ಕಂಪನಿ ಮುಚ್ಚಿದರೆ ಮೂರು ಹುಡುಗಿಯರ ಕೆಲಸ ಹೋಗುತ್ತದೆ, ನಯನಾ ಎದ್ದು ನಿಲ್ಲುವುದಿಲ್ಲ, ಉಚ್ಚೆಂಗೆಮ್ಮನಿಗಾದರೋ ಹೋಗುವಂಥದ್ದು ಏನಿದೆ ಎಂದ. ಏನಿದೆ ಎಂದು ನಾನು ಹೇಳುತ್ತೇನೆ. ಈಗ ಯಾರೂ ಅವಳಿಂದ ಫಿನಾಯಿಲ್ ಕೊಳ್ಳುತ್ತಿಲ್ಲ. ಹಿತ್ತಲ ಬಾಗಿಲೂ ಮುಚ್ಚಿತು. ಆರು ವರ್ಷದಲ್ಲಿ ಕಟ್ಟಿಕೊಂಡ ಲೈನು ಹದಿನೈದು ದಿನದಲ್ಲಿ ಹೋಯಿತು. ಮೀನಾಕ್ಷಿಯ ಹಾಸ್ಟೆಲಿನಲ್ಲಿ ಹುಡುಗಿಯರು ನಿಮ್ಮಮ್ಮನ ಮೇಲೆ ಕೇಸಂತಲ್ಲ ಎಂದು ಕೇಳುತ್ತಾರಂತೆ. ಹೋಗುವಂಥದ್ದು ಇಷ್ಟಿತ್ತು.

ಮೊನ್ನೆ ಶುಕ್ರವಾರ ಅವಳನ್ನು ಮನೆಗೆ ಕರೆಸಿದೆ. ನಮ್ಮ ಮನೆಯ ಪೆಟ್ಟಿಗೆಯನ್ನು ಕೆಳಗೆ ಹಾಕಬೇಕಿತ್ತು. ಹೌದು, ನಮ್ಮದೂ ಮೇಲೇ ಇತ್ತು, ಕ್ಯಾಲೆಂಡರಿನ ಪಕ್ಕ. ನೀನೇ ಕೆಳಗೆ ಹಾಕಿ ಹೋಗಿದ್ದೆ, ನೆಲ ತೊಳೆಯಲು ಅಡ್ಡ ಎಂದು ನಿನ್ನ ದೊಡ್ಡಮ್ಮ ತೆಗೆಸಿದಳು, ನಾನು ತೆಗೆದೆ. ಸರ್ವಮಂಗಳಮ್ಮನ ಜಾಗದಲ್ಲಿ ಇವಳಿರಬಹುದಿತ್ತು. ಉಚ್ಚೆಂಗೆಮ್ಮ ಹಿತ್ತಲಿಗೆ ಬಂದಳು. ಮುಂದಿನ ಬಾಗಿಲಿಗೆ ಬಾ ಎಂದೆ. ಬಂದಳು. ಒಳಗೆ ಬಾ, ನೀನೇ ಹಾಕು ಎಂದೆ. ನಿನ್ನ ದೊಡ್ಡಮ್ಮ ನನ್ನ ಮುಖ ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಉಚ್ಚೆಂಗೆಮ್ಮ ಮುಂದಿನ ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ.

“ಒಲ್ಲೆರಿ ಯಜಮಾನ್ರೆ. ಒಳಗ ಬಂದ್ರೆ ನಾಳೆ ಇಲ್ಲೂ ನಾನೇ ಹಾಕಿದೆ ಅಂತಾರೆ. ಇಲ್ಲೇ ಕುಂತು ಹೇಳ್ತೀನಿ, ನೀವೇ ಹಾಕ್ರಿ.”

ನಾನು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತೆ. ಕೂರಲು ಎರಡು ನಿಮಿಷ ಬೇಕಾಯಿತು. ಅವಳು ಹೊರಗಿನಿಂದ ಗೇಣು ಇಡ್ರಿ, ನಿಮ್ಮದೂ ದೊಡ್ಡ ಕೈ, ಎರಡು ಬೆರಳು ಕಮ್ಮಿ ಎಂದು ಹೇಳುತ್ತಿದ್ದಳು. ನಾನು ಗೋಡೆಗೆ ಕೈ ಇಟ್ಟು ಗುರುತು ಮಾಡಿದೆ. ಲೈಟರ್ ಒತ್ತಿದಾಗ ಪೆಟ್ಟಿಗೆ ಕಿರುಚಿತು. ಹೊರಗೆ ಬಂದು ನೋಡಿದರೆ ಅವಳು ಹೋಗಿಯಾಗಿತ್ತು.

ಅವತ್ತಿನಿಂದ ನಾನೇ ಹೊರಟಿದ್ದೇನೆ. ನನ್ನನ್ನು ಒಳಗೆ ಬಿಡುತ್ತಾರೆ ಎಂದಿದ್ದಳಲ್ಲ, ಬಿಡುತ್ತಾರೆ. ಇವತ್ತಿನ ತನಕ ಹತ್ತೊಂಬತ್ತು ಮನೆ ಆಯಿತು. ಹತ್ತೊಂಬತ್ತರಲ್ಲಿ ಹದಿನೇಳು ಪೆಟ್ಟಿಗೆ ಮೇಲಿದ್ದವು. ಇಬ್ಬರು ನನ್ನ ಮುಖಕ್ಕೇ ಪೆಟ್ಟಿಗೆ ಕಿತ್ತುಕೊಟ್ಟರು. ಒಬ್ಬ ಸಂಭಾವಿತ, ನಿಮಗೆ ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ನೀರು ಕೊಟ್ಟ. ಪಂಚಾಕ್ಷರಪ್ಪನ ಮನೆ ಬಿಟ್ಟು ಇನ್ನೂ ನೂರ ಹದಿನೆಂಟು ಉಳಿದಿವೆ. ಕಡರನಾಯಕನಹಳ್ಳಿಯ ಮನೆಗಳಿಗೆ ಬಸ್ಸಿಳಿದು ನಡೆಯಬೇಕು. ನೆಲದಿಂದ ಏಳುವಾಗ ಯಾರಾದರೂ ಕೈ ಹಿಡಿಯಬೇಕು. ನೀನಾಗಲಿ ನಿನ್ನ ಹುಡುಗಿಯರಾಗಲಿ ಬಂದರೆ ಬೇಗ ಮುಗಿಯುತ್ತದೆ, ಬರದಿದ್ದರೂ ಮುಗಿಸುತ್ತೇನೆ. ಪೈಪು ಯಾವ ಮನೆಯಲ್ಲಿ ಯಾವಾಗ ಬಿರಿಯುತ್ತದೋ ಹೇಳಲು ಬರುವುದಿಲ್ಲ.

ಕೊನೆಯದು. ಬಕ್ಕೇಶ್ ತಂದ ಹಾಳೆ ನಿನಗೆ ಗೊತ್ತಿದ್ದು ಬಂದದ್ದಾ, ಗೊತ್ತಿಲ್ಲದೆ ಬಂದದ್ದಾ? ಅದೊಂದು ನನಗೆ ತಿಳಿಯಬೇಕು. ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು. ಗೊತ್ತಿದ್ದರೆ, ಮಂಡಿಯೂರಿ ಕೂತು ಅವಳ ಕೈಯ ಪಕ್ಕ ಕೈ ಇಟ್ಟು ಕಲಿಸಿದವಳು ನೀನೇನಾ ಎಂದು ಕೇಳುತ್ತೇನೆ. ನೀನು ಮುಳುಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ನೀನು ಮೇಲೇಳಲು ತುಳಿದು ನಿಲ್ಲುವ ಜಾಗ ಅವಳ ತಲೆ ಆಗಬಾರದು, ಅಷ್ಟೇ. ತಪ್ಪು ಮಾಡಿದವನ ಹೆಸರು ಬೇಕಿದ್ದರೆ ಕೆಳಗೆ ಇದೆ.

ಇತಿ, ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನವನೇ ಆದ ದೊಡ್ಡಪ್ಪ,
ಮುರುಗೇಶಪ್ಪ

ಮರೆತದ್ದು: ಮರೆತಿಲ್ಲ, ಬರೆಯಲು ಧೈರ್ಯ ಆಗಿರಲಿಲ್ಲ. ಮೇಲೆ ಫಾರಮ್ಮಿನ ವಿಷಯದಲ್ಲಿ ‘ಅವಳಿಗೂ ಕಮಿಷನ್ ಬೇಕಿತ್ತು, ಹಾಕಿದಳು’ ಎಂದು ಬರೆದಿದ್ದೇನೆ. ಹೊಡೆದು ಹಾಕೋಣ ಎಂದು ಪೆನ್ನು ಎತ್ತಿದ್ದೆ. ಹಾಗೇ ಇರಲಿ, ಇಷ್ಟು ಹೇಳಿದ ಮೇಲೂ ನಾನು ಇನ್ನೂ ಎಂಥವನು ಎಂದು ನೀನು ನೋಡು. ಉಚ್ಚೆಂಗೆಮ್ಮನಿಗೆ ಓದಲು ಬರುವುದಿಲ್ಲ. ಮೀನಾಕ್ಷಿ ಕಲಿಸಿದ್ದರಿಂದ ಹೆಸರು ಬರೆಯಲು ಬರುತ್ತದೆ, ಅಷ್ಟೇ. ಮೊದಲ ಶನಿವಾರ ಇದರಲ್ಲಿ ಏನೈತ್ರಿ ಎಂದು ಕೇಳಿದಳು. ನಾನು ಓದಿ ಹೇಳಿದೆ. ಹೆಸರು ಓದಿದೆ, ಬೀದಿ ಓದಿದೆ, ಫೋನ್ ನಂಬರು ಓದಿದೆ. ‘ನಾನೇ ಖುದ್ದಾಗಿ’ ಎಂಬ ಸಾಲು ಬಂದಾಗ ಬೆರಳನ್ನು ಅದರ ಮೇಲಿಟ್ಟು, ಇದು ರಸೀದಿ, ಇಲ್ಲಿ ಸಹಿ ಹಾಕು ಎಂದೆ. ತಾನು ಯಾವುದಕ್ಕೆ ಸಹಿ ಮಾಡಿದ್ದೇನೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಂಗಳವಾರ ಸ್ಟೇಷನ್ನಿನಲ್ಲಿ ಯಾರೋ ಓದಿ ಹೇಳಿದಾಗ ಗೊತ್ತಾಗುತ್ತದೆ. ಅದಕ್ಕಿಂತ ಮೊದಲು ನಾನು ಭಾನುವಳ್ಳಿಗೆ ಹೋಗಿ ಆ ಸಾಲನ್ನು ಅವಳಿಗೆ ಓದಿ ಹೇಳುತ್ತೇನೆ. ಈ ಕಾಗದದ ಇನ್ನೊಂದು ಪ್ರತಿ ಬರೆದಿಟ್ಟಿದ್ದೇನೆ, ಮಂಗಳವಾರ ಅದನ್ನು ಹಿಡಿದು ಅವಳ ಜೊತೆ ಸ್ಟೇಷನ್ನಿಗೆ ಹೋಗುತ್ತೇನೆ. ನೀನು ನಮ್ಮ ಜೊತೆ ಸ್ಟೇಷನ್ನಿಗೆ ಬರುತ್ತೀಯೋ ಇಲ್ಲವೋ, ಒಂದೇ ಮಾತು ಸಾಕು, ವಕೀಲರ ಕೈಯಲ್ಲಿ ಅಲ್ಲ, ನಿನ್ನ ಕೈಯಲ್ಲಿ ಬರೆದು ಕಳಿಸು. ಸೋಮವಾರ, ನವೆಂಬರ್ ಇಪ್ಪತ್ತನಾಲ್ಕರ ಒಳಗೆ ನನಗೆ ಉತ್ತರ ಬರಬೇಕು.